ಸೊಲಾಂಜ್ ಡಾಲರಿಗೆ ಊಟ ಹಾಕಿದ್ದು

ಬೆಳಿಗ್ಗೆ ಎದ್ದು ಯಾರನ್ನಾದರೂ ನಾಲ್ಕು ಮಾತು ಬೈಯದಿದ್ದರೆ ಸೊಲಾಂಜ್ ಎಸ್ಕುದ್ಯೆಗೆ ಕಾಫಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಮದುವೆಯಾದ ಹೊಸದರಲ್ಲಿ ಅತ್ತೆ ಇದ್ದರು, ಬೈಗುಳಕ್ಕೆ ಅವರೊಬ್ಬರೇ ಸಾಕಾಗುತ್ತಿತ್ತು. ಅವರು ತೀರಿಕೊಂಡ ಮೇಲೆ ಕೆಲವು ವರ್ಷ ಮಂತ್ರಿಗಳನ್ನು ಬೈದಳು. ಅದೂ ಹಳಸಿದ ಮೇಲೆ ರಗ್ಬಿ ಪಂದ್ಯದ ತೀರ್ಪುಗಾರರನ್ನು ಹಿಡಿದುಕೊಂಡಳು. 2008ರ ವಸಂತ ಬರುವಷ್ಟರಲ್ಲಿ ಆ ಜಾಗ ಡಾಲರಿನ ಪಾಲಾಗಿತ್ತು.

ರೇಡಿಯೋದವನು ಸುದ್ದಿಯ ಕೊನೆಗೆ, ಮನೆಯಲ್ಲಿ ಗಂಡುಮಗು ಹುಟ್ಟಿದಷ್ಟು ಖುಷಿಯಿಂದ, "ಡಾಲರಿನ ಎದುರು ಯೂರೋ ಇವತ್ತು ಮತ್ತೆ ಏರಿದೆ" ಎನ್ನುತ್ತಿದ್ದ. ಸೊಲಾಂಜ್ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದ ಚಾಕುವನ್ನು ರೇಡಿಯೋದ ಕಡೆಗೆ ತಿರುಗಿಸುತ್ತಿದ್ದಳು.

"ಏರಲಿ, ಏರಲಿ! ಹತ್ತಿ ಮರದ ತುದೀಲಿ ಕೂತ್ಕೊಳ್ಳಲಿ. ಇವನಿಗೇನು ಹೋಗ್ಬೇಕು? ಇವನು ಕೀಲು ಮಾಡಿ ಮಾರ್ತಾನಾ?"

ಅವಳ ಗಂಡ ಫರ್ನಾಂ ಎದುರಿಗೆ ಕೂತು ಕಾಫಿ ಬಟ್ಟಲಿಗೆ ಬ್ರೆಡ್ ಅದ್ದುತ್ತಿದ್ದ. ಕಬ್ಬಿಣ, ಅಲ್ಯೂಮಿನಿಯಂ ವಿಷಯದಲ್ಲಿ ಫರ್ನಾಂಗೆ ತಿಳಿಯದ್ದು ಇರಲಿಲ್ಲ. ದುಡ್ಡಿನ ವಿಷಯದಲ್ಲಿ ತಿಳಿದದ್ದು ಏನೂ ಇರಲಿಲ್ಲ.

"ಅಲ್ಲ ಸೊಲಾಂಜ್, ಯೂರೋ ನಮ್ಮದೇ ದುಡ್ಡು ತಾನೇ? ಏರಿದ್ರೆ ನಮಗೆ ಒಳ್ಳೇದಲ್ವಾ?"

"ಥೂ! ಎಷ್ಟು ಸಲ ಹೇಳ್ಲಿ ನಿಂಗೆ?" ಸೊಲಾಂಜ್ ಕುರ್ಚಿ ಎಳೆದುಕೊಂಡು ಕೂತಳು. ಅವಳು ಕದೂರ್ ಸಂತೆಯಲ್ಲಿ ಬೆಳ್ಳುಳ್ಳಿ ಮಾರುವವರ ಮಗಳು. ಲೋಕದ ಯಾವ ಸಂಗತಿಯನ್ನಾದರೂ ಬೆಳ್ಳುಳ್ಳಿಯ ಲೆಕ್ಕಕ್ಕೆ ಇಳಿಸದೆ ಬಿಡುತ್ತಿರಲಿಲ್ಲ. "ನೋಡು, ಯಾವನೋ ಪರದೇಶದವನು ನಮ್ಮಪ್ಪನ ಹತ್ರ ಬಂದ ಅಂತಿಟ್ಕೋ. 'ಮೂರು ವರ್ಷ ಬಿಟ್ಟು ನಂಗೆ ಒಂದು ಗಾಡಿ ಬೆಳ್ಳುಳ್ಳಿ ಬೇಕು. ರೇಟು ಇವತ್ತೇ ಮಾತಾಡೋಣ. ಆದ್ರೆ ದುಡ್ಡು ಕೊಡೋದು ನಮ್ಮೂರಿನ ಕಪ್ಪೆಚಿಪ್ಪಲ್ಲಿ' ಅಂದ. ಇವತ್ತು ಒಂದು ಚಿಪ್ಪಿಗೆ ಒಂದು ಬ್ರೆಡ್ ಬರತ್ತೆ. ಅಪ್ಪ ಸರಿ ಅಂದ. ಮೂರು ವರ್ಷ ಬಿಟ್ಟು ಅದೇ ಚಿಪ್ಪಿಗೆ ಅರ್ಧ ಬ್ರೆಡ್ಡೂ ಬರಲಿಲ್ಲ. ಬೆಳ್ಳುಳ್ಳಿ ಕಿತ್ತ ಕೂಲಿಯವರು ಮಾತ್ರ ಇಡೀ ಬ್ರೆಡ್ಡೇ ಕೇಳ್ತಾರೆ. ಆಗ?"

ಫರ್ನಾಂ ಬಹಳ ಹೊತ್ತು ಯೋಚಿಸಿದ. "ಮೂರು ವರ್ಷಕ್ಕೆ ಬೆಳ್ಳುಳ್ಳಿ ಕೆಟ್ಟುಹೋಗಲ್ವಾ?"

ಸೊಲಾಂಜ್ ಎದ್ದು ಹೋಗಿ ಪಾತ್ರೆ ತೊಳೆಯತೊಡಗಿದಳು.

ಆದರೆ ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ತುಲೂಸಿನ ಪಕ್ಕದ ಕೊಲೊಮಿಯೆಯಲ್ಲಿ ಯಾವ ಮನೆಯ ಬಾಗಿಲು ತಟ್ಟಿದರೂ ವಿಮಾನದ ಒಂದು ತುಂಡು ಮಾಡುವವರು ಸಿಗುತ್ತಾರೆ. ಒಬ್ಬರದು ರೆಕ್ಕೆಯ ತಿರುಪು, ಒಬ್ಬರದು ಕಿಟಕಿಯ ಚೌಕಟ್ಟು. ಎಸ್ಕುದ್ಯೆ ದಂಪತಿಗಳದು ಕೀಲು. ವಿಮಾನದ ಹೊಟ್ಟೆಯಡಿ ರಿಪೇರಿಯವರು ತೆರೆದು ಮುಚ್ಚುವ ಸಣ್ಣ ಬಾಗಿಲುಗಳಿರುತ್ತವಲ್ಲ, ಅವುಗಳ ಕೀಲು. ಹದಿನೈದು ಜನ ಕೆಲಸಗಾರರ ಆ ವರ್ಕ್‌ಶಾಪಿನಲ್ಲಿ ಮಷಿನ್ನಿನ ಕಡೆ ಫರ್ನಾಂ, ಮೇಜಿನ ಕಡೆ ಸೊಲಾಂಜ್. ಎಲ್ಲರ ಸರಕೂ ಕೊನೆಗೆ ಹೋಗಿ ಸೇರುವುದು ರನ್‌ವೇ ಆಚೆಗಿನ ದೊಡ್ಡ ಕಾರ್ಖಾನೆಗೆ. ಊರವರ ಬಾಯಲ್ಲಿ ಅದು ದೊಡ್ಡಮನೆ. ದೊಡ್ಡಮನೆ ಯಾವ ದೇಶಕ್ಕೆ ವಿಮಾನ ಮಾರಿದರೂ ಬೆಲೆ ಡಾಲರಿನಲ್ಲೇ. ಕಡಲಾಚೆ ಅಮೆರಿಕದಲ್ಲಿ ವಿಮಾನ ಮಾಡುವ ಎದುರಾಳಿ ಗಳಿಸುವುದೂ ಡಾಲರು, ಖರ್ಚು ಮಾಡುವುದೂ ಡಾಲರು, ಅವನಿಗೆ ತಲೆನೋವಿಲ್ಲ. ಇಲ್ಲಿ ಗಳಿಕೆ ಡಾಲರಿನಲ್ಲಿ, ಸಂಬಳ ಯೂರೋದಲ್ಲಿ. ಯೂರೋ ಕೊಬ್ಬಿದಷ್ಟೂ ದೊಡ್ಡಮನೆ ಸೊರಗುತ್ತಿತ್ತು. ದೊಡ್ಡಮನೆ ಸೊರಗಿದಾಗ ಒಬ್ಬಳೇ ಕೂತು ಸೊರಗುವಂಥ ಯಜಮಾನಿಯಲ್ಲ. ಸುತ್ತಲಿನ ಸಣ್ಣ ಮನೆಗಳನ್ನೂ ಜೊತೆಗೆ ಕರೆಯುತ್ತಿತ್ತು.

ಆ ಕರೆ ಏಪ್ರಿಲಿನಲ್ಲಿ ಬಂತು.

ಕರೆದವನು ಲಾರ್ಶೆ. ದೊಡ್ಡಮನೆಯ ಖರೀದಿ ವಿಭಾಗಕ್ಕೆ ಪ್ಯಾರಿಸ್ಸಿನಿಂದ ಹೊಸದಾಗಿ ಬಂದಿದ್ದ, ನಲವತ್ತು ದಾಟದ, ತೆಳ್ಳಗಿನ ಆಸಾಮಿ. ಸರಕು ಕೊಡುವ ಸಣ್ಣಪುಟ್ಟ ವರ್ಕ್‌ಶಾಪಿನವರನ್ನೆಲ್ಲ ಒಂದು ಹಾಲಿನಲ್ಲಿ ಕೂಡಿಸಿ, ಬಾಗಿಲ ಬಳಿ ನಿಂತು ಒಬ್ಬೊಬ್ಬರ ಕೈ ಕುಲುಕಿ, "ತಗೊಳ್ಳಿ, ಪ್ಯಾನ್ ಓ ಶೊಕೊಲಾ ತಗೊಳ್ಳಿ" ಎಂದು ತಟ್ಟೆ ತೋರಿಸಿದ. ಹಾಲಿನಲ್ಲಿ ಗುಸುಗುಸು ಶುರುವಾಯಿತು. ಹೊಟ್ಟೆಯಲ್ಲಿ ಚಾಕೊಲೇಟ್ ಇಟ್ಟು ಸುಟ್ಟ ಆ ತಿಂಡಿಗೆ ನಮ್ಮ ಕಡೆ ಇರುವ ಹೆಸರು ಶೊಕೊಲತೀನ್. ಬೇರೆ ಹೆಸರಿನಿಂದ ಕರೆದವನಿಗೆ ಹೆಣ್ಣು ಕೊಡುವುದಿರಲಿ, ಸೈಕಲ್ಲೂ ಕೊಡುವುದಿಲ್ಲ.

"ಹೆಸರು ಉದ್ದ ಆಗಿದೆ, ತಿಂಡಿ ಗಿಡ್ಡ ಆಗಿದೆ," ಎಂದಳು ಸೊಲಾಂಜ್, ಒಂದನ್ನು ಎರಡು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದು. "ಹೋದ ವರ್ಷದ್ದರಲ್ಲಿ ಅರ್ಧ ಇದೆ."

ಲಾರ್ಶೆ ಗೋಡೆಯ ಮೇಲೆ ಚಿತ್ರಗಳನ್ನು ಬಿಟ್ಟು ಮುಕ್ಕಾಲು ಗಂಟೆ ಮಾತಾಡಿದ. ಸಾರಾಂಶ ಇಷ್ಟೇ: ಇನ್ನು ಮುಂದೆ ದೊಡ್ಡಮನೆ ಸರಕಿನವರಿಗೂ ಡಾಲರಿನಲ್ಲೇ ದುಡ್ಡು ಕೊಡುತ್ತದೆ. ಬೆಲೆ ಇವತ್ತಿನದು, ಮೂರು ವರ್ಷಕ್ಕೆ ಖಾಯಂ. "ನಾವೆಲ್ಲ ಒಂದೇ ವಿಮಾನದಲ್ಲಿ ಕೂತಿದ್ದೇವೆ," ಎಂದು ಮುಗಿಸಿದ.

ಸೊಲಾಂಜ್ ಕೈ ಎತ್ತಿದಳು. "ಒಂದು ಸಣ್ಣ ಪ್ರಶ್ನೆ ಮಸ್ಯೂ. ನಿಮ್ಮ ಸಂಬಳ ಯಾವುದರಲ್ಲಿ ಬರತ್ತೆ?"

"ನನ್ನದಾ? ಅದು… ಯೂರೋದಲ್ಲಿ."

"ಅಂದ್ರೆ ನಾವೆಲ್ಲ ವಿಮಾನದಲ್ಲಿ ಕೂತಿದ್ದೀವಿ, ನೀವೊಬ್ರು ಪ್ಯಾರಾಚೂಟ್ ಕಟ್ಕೊಂಡಿದ್ದೀರಿ."

ಹಾಲೆಲ್ಲ ನಕ್ಕಿತು. ಲಾರ್ಶೆಯ ಕಿವಿ ಕೆಂಪಾಯಿತು. ನಗದೆ ಕೂತವನೆಂದರೆ ಎಮೀಲ್ ಬರ್ತೆಸ್ ಒಬ್ಬನೇ. ಎಸ್ಕುದ್ಯೆಯವರ ವರ್ಕ್‌ಶಾಪಿನ ಎದುರು, ರಸ್ತೆಯ ಆ ಬದಿಗೆ ಅವನ ವರ್ಕ್‌ಶಾಪು. ಅವನದೂ ಕೀಲು, ಚಿಲಕ. ಶಾಲೆಯಲ್ಲಿ ಸೊಲಾಂಜಳ ಹಿಂದಿನ ಬೆಂಚಿನಲ್ಲಿ ಕೂತು ಅವಳ ಜಡೆ ಎಳೆಯುತ್ತಿದ್ದವನು, ಐವತ್ತೈದಾದರೂ ಆ ಚಪಲ ಬಿಟ್ಟಿರಲಿಲ್ಲ. ಅವತ್ತು ಎಲ್ಲರಿಗಿಂತ ಮುಂದೆ ಹೋಗಿ ಸಹಿ ಹಾಕಿ ಬಂದ.

"ಕಾಲಕ್ಕೆ ತಕ್ಕ ಹಾಗೆ ಬದಲಾಗ್ಬೇಕು ಸೊಲಾಂಜ್," ಎಂದ ಹೊರಗೆ ಬಂದು, ಸಿಗರೇಟು ಹಚ್ಚುತ್ತ. "ಡಾಲರು ಇವತ್ತು ಬಿದ್ದಿದೆ, ನಾಳೆ ಏಳತ್ತೆ. ನಾನು ಈಗ ಅಂತರರಾಷ್ಟ್ರೀಯ."

"ನಿನ್ನ ಪ್ಯಾಂಟಿನ ಜಿಪ್ಪು ಬಿಟ್ಟಿದೆ. ಮೊದಲು ಅದನ್ನ ಏಳ್ಸು, ಅಂತರರಾಷ್ಟ್ರೀಯ."

ಸೊಲಾಂಜ್ ಸಹಿ ಹಾಕಲಿಲ್ಲ. ಮೇ ಕಳೆಯಿತು, ಜೂನ್ ಕಳೆಯಿತು. ಅಕ್ಕಪಕ್ಕದವರೆಲ್ಲ ಗೊಣಗುತ್ತಲೇ ಸಹಿ ಹಾಕಿದರು. ಕೊನೆಗೆ ಲಾರ್ಶೆಯೇ ಫೋನ್ ಮಾಡಿ, ಜುಲೈ ಮೊದಲ ವಾರ ವರ್ಕ್‌ಶಾಪು ನೋಡಲು ತಾನೇ ಬರುವೆನೆಂದೂ, ಅವತ್ತೇ ಸಹಿ ಆಗಲೇಬೇಕೆಂದೂ ಹೇಳಿದ.

"ಬನ್ನಿ ಬನ್ನಿ. ಮಧ್ಯಾಹ್ನದ ಊಟ ಇಲ್ಲೇ ಪಕ್ಕದಲ್ಲಿ ಜೋಸೆಟ್ ಹತ್ರ ಮಾಡೋಣ," ಎಂದಳು ಸೊಲಾಂಜ್, ಸಕ್ಕರೆಯಂಥ ದನಿಯಲ್ಲಿ.

"ಊಟ ಮಾಡಬಹುದು. ಆದರೆ ಸರಕಿನವರ ದುಡ್ಡಲ್ಲಿ ಒಂದು ತುತ್ತೂ ತಿನ್ನಬಾರದು ಅಂತ ನಮ್ಮಲ್ಲಿ ನಿಯಮ ಮದಾಂ. ನನ್ನದು ನಾನೇ ಕೊಡ್ತೀನಿ."

"ಅದಕ್ಕಿಂತ ಒಳ್ಳೇದು ಇನ್ನೇನಿದೆ ಮಸ್ಯೂ," ಎಂದು ಫೋನ್ ಇಟ್ಟ ಸೊಲಾಂಜ್, ಏಪ್ರನ್ ಬಿಚ್ಚುವುದನ್ನೂ ಮರೆತು ಜೋಸೆಟ್‌ಳ ಹೋಟೆಲಿಗೆ ಓಡಿದಳು.

ಜೋಸೆಟ್ ಅವಳ ಗೆಳತಿ. ಹತ್ತು ಮೇಜಿನ ಹೋಟೆಲು, ಬಾಗಿಲಲ್ಲಿ ಕರಿಹಲಗೆ, ಬೆಳಿಗ್ಗೆ ಅದರ ಮೇಲೆ ಸೀಮೆಸುಣ್ಣದಲ್ಲಿ ಅವತ್ತಿನ ಊಟ ಬರೆಯುವುದು ರೂಢಿ. ಇಬ್ಬರು ಹೆಂಗಸರೂ ಅಡುಗೆಮನೆಯಲ್ಲಿ ಕೂತು ಅದೇನು ಮಸಲತ್ತು ಮಾಡಿದರೋ, ಆಚೆ ಕೂತ ಗಿರಾಕಿಗಳಿಗೆ ನಗು ಮಾತ್ರ ಕೇಳಿಸಿತು.

ಫರ್ನಾಂಗೆ ಹೇಳಬೇಕೋ ಬೇಡವೋ ಎಂದು ಸೊಲಾಂಜ್ ತೂಗಿ ನೋಡಿದಳು. ಅವನಿಗೆ ಸುಳ್ಳು ಬರುತ್ತಿರಲಿಲ್ಲ, ಮುಖದಲ್ಲಿ ಬರೆದು ಅಂಟಿಸಿದ ಹಾಗೆ ಕಾಣುತ್ತಿತ್ತು. "ನೀನು ಏನೂ ಮಾತಾಡ್ಬೇಡ. ತಟ್ಟೆ ನೋಡ್ಕೊಂಡು ತಿನ್ನು," ಎಂದಷ್ಟೇ ಅಪ್ಪಣೆ ಮಾಡಿದಳು.

ಆ ದಿನ ಲಾರ್ಶೆ ಬಂದ, ಮಷಿನ್ನುಗಳನ್ನು ನೋಡಿದ, ಕೀಲುಗಳನ್ನು ಎತ್ತಿ ಹಿಡಿದು ತೆರೆದು ಮುಚ್ಚಿ ನೋಡಿದ, ಚೆನ್ನಾಗಿದೆ ಎಂದ. ಬಿಸಿಲು ಜೋರಾಗಿತ್ತು, ಹಸಿವೂ ಜೋರಾಗಿತ್ತು. ಹೋಟೆಲಿನ ಬಾಗಿಲಲ್ಲಿ ಕರಿಹಲಗೆ ನೋಡಿ ನಿಂತ. ಸಲಾಡು, ಆಲೂಗಡ್ಡೆಯ ಜೊತೆ ಬಾತುಕೋಳಿಯ ಕಾಲು, ಚೀಸು, ವೈನು. ಎಲ್ಲ ಸೇರಿ ಹದಿನೆಂಟು ಡಾಲರ್.

"ಡಾಲರ್?" ಎಂದು ನಕ್ಕ. "ಅಮೆರಿಕದ ಪ್ರವಾಸಿಗರು ಬರ್ತಾರಾ ಇಲ್ಲಿಗೆ?"

"ಇಲ್ಲ ಮಸ್ಯೂ," ಎಂದಳು ಜೋಸೆಟ್, ನೀರಿನ ಜಗ್ಗು ಇಡುತ್ತ. "ಇಲ್ಲಿ ಉಣ್ಣೋರಿಗೆಲ್ಲ ಇನ್ಮೇಲೆ ಡಾಲರಲ್ಲೇ ದುಡ್ಡು ಬರತ್ತಂತೆ. ನಾನೂ ಬದಲಾದೆ. ರೇಟು ಖಾಯಂ, ನೀವು ಎದ್ದು ಹೋಗೋವರೆಗೂ ಹದಿನೆಂಟೇ. ಒಪ್ಪಿಗೆನಾ?"

ಲಾರ್ಶೆ ಸೊಲಾಂಜಳ ಕಡೆ ನೋಡಿದ. ಸೊಲಾಂಜ್ ಕರವಸ್ತ್ರ ಬಿಡಿಸುವುದರಲ್ಲಿ ಮಗ್ನಳಾಗಿದ್ದಳು. "ಒಪ್ಪಿಗೆ," ಎಂದ ಅವನು, ತಮಾಷೆಗೆ ತಲೆಬಾಗಿ.

ಸಲಾಡು ಚೆನ್ನಾಗಿಯೇ ಬಂತು. ಬಾತುಕೋಳಿಯ ಕಾಲು ಅದಕ್ಕಿಂತ ಚೆನ್ನಾಗಿ ಬಂತು, ಗರಿಗರಿ ಚರ್ಮ, ಸುತ್ತ ಬೆಳ್ಳುಳ್ಳಿ ಹಾಕಿ ಹುರಿದ ಆಲೂಗಡ್ಡೆಯ ಗುಡ್ಡೆ. ಲಾರ್ಶೆ ಮೊದಲ ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದ. ಅಷ್ಟರಲ್ಲಿ ಅಡುಗೆಮನೆಯಿಂದ ಜೋಸೆಟ್ ಇಕ್ಕಳ ಹಿಡಿದುಕೊಂಡು ಓಡಿ ಬಂದಳು.

"ಮಸ್ಯೂ, ತುಂಬಾ ಬೇಜಾರಿನ ಸುದ್ದಿ. ರೇಡಿಯೋದಲ್ಲಿ ಈಗ ತಾನೇ ಬಂತು. ಯೂರೋ ಏರಿತು!"

ಹೇಳುತ್ತಲೇ ಇಕ್ಕಳದಲ್ಲಿ ಅವನ ತಟ್ಟೆಯಿಂದ ನಾಲ್ಕು ಆಲೂಗಡ್ಡೆ ಎತ್ತಿ ಬಟ್ಟಲಿಗೆ ಹಾಕಿಕೊಂಡಳು.

"ಏನು ಮಾಡ್ತಿದ್ದೀರಿ?"

"ಆಲೂಗಡ್ಡೆ ನಾನು ಯೂರೋ ಕೊಟ್ಟು ತಂದಿದ್ದು ಮಸ್ಯೂ. ನಿಮ್ಮ ಹದಿನೆಂಟು ಡಾಲರಿಗೆ ಈಗ ಇಷ್ಟೇ ಬರೋದು. ಮನಸ್ಸಿಗೆ ಹಚ್ಕೋಬೇಡಿ, ನಾವೆಲ್ಲ ಒಂದೇ ಮೇಜಲ್ಲಿ ಕೂತಿದ್ದೀವಿ."

ಪಕ್ಕದ ಮೇಜುಗಳಲ್ಲಿ ಉಣ್ಣುತ್ತಿದ್ದ ವರ್ಕ್‌ಶಾಪಿನವರು ಒಬ್ಬೊಬ್ಬರೇ ಚಮಚ ಕೆಳಗಿಟ್ಟರು. ಲಾರ್ಶೆ ನಕ್ಕ, ಆದರೆ ಅರ್ಧ ಮುಖದಲ್ಲಿ. ಇನ್ನೆರಡು ತುತ್ತು ಉಂಡಿರಲಿಕ್ಕಿಲ್ಲ, ಜೋಸೆಟ್ ಮತ್ತೆ ಬಂದಳು. ಈ ಸಲ ಚಾಕು ತಂದಿದ್ದಳು.

"ಮತ್ತೆ ಏರಿತಾ?" ಎಂದು ಲಾರ್ಶೆ ತಟ್ಟೆಯನ್ನು ಎದೆಗವಚಿಕೊಂಡ.

"ಏರಿತು ಮಸ್ಯೂ, ಹಾಳಾದ್ದು ನಿಲ್ತಾನೇ ಇಲ್ಲ. ಬಾತುಕೋಳಿನೂ ಉಳಿತಾಯದ ಯೋಜನೆಗೆ ಸೇರ್ಕೋಬೇಕಾಗಿದೆ." ಅವನ ತೋಳಿನಡಿಯಿಂದ ಚಾಕು ಹಾಕಿ ಕಾಲಿನ ದಪ್ಪ ಭಾಗವನ್ನು ಕೊಯ್ದುಕೊಂಡೇ ಹೋದಳು. ಹೋಗುವಾಗ ಅವನ ವೈನ್ ಲೋಟ ಎತ್ತಿ, ಒಂದು ಬೆರಳಿನಷ್ಟನ್ನು ಸೀಸೆಗೆ ವಾಪಸು ಸುರಿದಳು.

ಹೋಟೆಲೆಲ್ಲ ಹೋ ಎಂದು ನಕ್ಕಿತು. ಆಗಲೇ ಫರ್ನಾಂ ಕೆಲಸ ಕೆಡಿಸಿದ್ದು. ಇಷ್ಟು ಹೊತ್ತು ತಲೆ ತಗ್ಗಿಸಿ ಉಣ್ಣುತ್ತಿದ್ದವನು, ಅತಿಥಿಯ ಬರಿದಾದ ತಟ್ಟೆ ನೋಡಲಾರದೆ, ತನ್ನ ಆಲೂಗಡ್ಡೆಗಳನ್ನೆಲ್ಲ ಅದಕ್ಕೆ ಬಡಿಸಿಬಿಟ್ಟ.

"ಫರ್ನಾಂ!"

"ನಂಗೆ ಸೇರಲ್ಲ ಸೊಲಾಂಜ್, ಊಟಕ್ಕೆ ಕೂತೋರ ತಟ್ಟೆಯಿಂದ ಕಿತ್ಕೊಳ್ಳೋದು. ತಿನ್ನಿ ಮಸ್ಯೂ. ಇವಳು ಹೀಗೇನೇ, ವಾರದಿಂದ ಇಬ್ಬರೂ ಸೇರ್ಕೊಂಡು ಏನೋ ಪಿತೂರಿ ಮಾಡ್ತಿದ್ರು."

ಲಾರ್ಶೆ ಚಮಚ ಕೆಳಗಿಟ್ಟ. ಕೋಪ ಮಾಡಿಕೊಂಡು ಎದ್ದು ಹೋಗುತ್ತಾನೆ ಎಂದುಕೊಂಡಳು ಸೊಲಾಂಜ್. ಹದಿನೈದು ಜನರ ಅನ್ನ ಅವನ ಸಹಿಯಲ್ಲಿತ್ತು. ತಮಾಷೆ ಮಾಡುವಾಗ ಅದು ನೆನಪಿರಲಿಲ್ಲ, ಈಗ ನೆನಪಾಯಿತು.

"ಮದಾಂ," ಎಂದ ಲಾರ್ಶೆ ಮೆಲ್ಲಗೆ, "ನಂಗೆ ಅರ್ಥ ಆಯ್ತು. ಈಗ ನಂದೂ ಕೇಳಿ. ಇವತ್ತು ನಾವು ಕಟ್ಟಿ ಕಳಿಸ್ತಿರೋ ವಿಮಾನ ಮೂರು ನಾಲ್ಕು ವರ್ಷದ ಹಿಂದೆ ಮಾರಿದ್ದು. ಬೆಲೆ ಅವತ್ತೇ ಡಾಲರಲ್ಲಿ ಬರೆದಾಗಿದೆ. ಗಿರಾಕಿ ಹತ್ರ ಹೋಗಿ, 'ಯೂರೋ ಏರಿತು, ಒಂದು ರೆಕ್ಕೆ ಬಿಚ್ಕೊಳ್ತೀನಿ' ಅನ್ನೋಕಾಗತ್ತಾ? ಮುಂದೆ ಬರೋ ಡಾಲರಿಗೆ ಬ್ಯಾಂಕಿನವರ ಹತ್ರ ಮೊದಲೇ ರೇಟು ಕಟ್ಟಿಸಿ ಇಟ್ಟಿರ್ತೀವಿ. ಅದೂ ಎಲ್ಲದಕ್ಕೂ ಸಾಲಲ್ಲ. ಯೂರೋ ಹತ್ತು ಸೆಂಟು ಹತ್ತಿದ್ರೆ ನಮ್ಮ ಮೇಲಿನೋರು ಮೂರು ದಿನ ಯಾರ ಜೊತೆನೂ ಮಾತಾಡಲ್ಲ."

"ನಿಮ್ಮ ತಟ್ಟೆಗೆ ಕಮ್ಮಿ ಬಿತ್ತು ಅಂತ ನನ್ನ ತಟ್ಟೆಗೆ ಕೈ ಹಾಕ್ತೀರಾ?"

"ಹಾಕ್ತಿದ್ದೆ," ಎಂದ ಲಾರ್ಶೆ. "ಈಗಷ್ಟೇ ಅದು ಹೇಗಿರತ್ತೆ ಅಂತ ಗೊತ್ತಾಯ್ತು."

ಆಮೇಲೆ ಅವನು ಪರ್ಸು ತೆಗೆದ. ಹೋದ ತಿಂಗಳು ಅಮೆರಿಕಕ್ಕೆ ಹೋಗಿ ಬಂದಿದ್ದನಂತೆ. ಇಪ್ಪತ್ತು ಡಾಲರಿನ ಒಂದು ನೋಟನ್ನು ಮೇಜಿನ ಮೇಲಿಟ್ಟು, "ಚಿಲ್ಲರೆ ಇಟ್ಕೊಳ್ಳಿ ಮದಾಂ," ಎಂದು ಜೋಸೆಟ್‌ಗೆ ವಂದಿಸಿ ಎದ್ದ. ನಿಜವಾದ ಡಾಲರು ಬರುತ್ತದೆಂದು ಜೋಸೆಟ್ ಕನಸಲ್ಲೂ ಎಣಿಸಿರಲಿಲ್ಲ. ನೋಟನ್ನು ಸತ್ತ ಮೀನಿನ ಹಾಗೆ ಬಾಲದಲ್ಲಿ ಹಿಡಿದು ಸೊಲಾಂಜಳ ಮುಂದೆ ತಂದಳು.

"ಇದನ್ನ ತಗೊಂಡು ನಾನೇನು ಮಾಡ್ಲಿ? ತರಕಾರಿಯವನು ತಗೋತಾನಾ?"

"ಬ್ಯಾಂಕಿಗೆ ಹೋಗಿ," ಎಂದ ಲಾರ್ಶೆ ಬಾಗಿಲಿಂದ. "ಬದಲಾಯಿಸೋಕೆ ಅವರೂ ಸ್ವಲ್ಪ ತಿನ್ಕೋತಾರೆ. ಈಗ ಮೂರು ಜನ ಆದ್ವಿ ಹೊಟ್ಟೆಗಿಲ್ಲದೋರು."

ಈ ಸಲ ಹೋಟೆಲಿನವರೆಲ್ಲ ನಕ್ಕದ್ದು ಅವನ ಪಕ್ಷ ಸೇರಿ.

ವರ್ಕ್‌ಶಾಪಿಗೆ ವಾಪಸು ಬಂದ ಮೇಲೆ ಮಾತುಕತೆ ನಡೆಯಿತು. ಸೊಲಾಂಜ್ ಸಂತೆಯ ಹುಡುಗಿ. ಕಣ್ಣೀರು, ಕೋಪ, ಎದ್ದು ಹೋಗುವ ನಾಟಕ, ಎಲ್ಲವನ್ನೂ ಹದವಾಗಿ ಬೆರೆಸಿದಳು. ಲಾರ್ಶೆಯ ಹೊಟ್ಟೆ ಮಧ್ಯೆ ಮಧ್ಯೆ ಗುರ್ ಎನ್ನುತ್ತಿತ್ತು, ಅದೂ ಅವಳಿಗೆ ಅನುಕೂಲವೇ ಆಯಿತು. ಕೊನೆಗೆ ಆದ ತೀರ್ಮಾನ: ದುಡ್ಡು ಯೂರೋದಲ್ಲೇ, ಮೂರು ವರ್ಷಕ್ಕೆ ಖಾಯಂ. ಅದಕ್ಕೆ ಬದಲಾಗಿ ನೂರಕ್ಕೆ ಐದರಷ್ಟು ಬೆಲೆ ಇಳಿಸಬೇಕು. ಅವನು ಎಂಟರಿಂದ ಶುರು ಮಾಡಿದ್ದ. ಸಹಿಯಾಯಿತು.

ಆ ವಾರವೆಲ್ಲ ಸೊಲಾಂಜ್ ನೆಲದ ಮೇಲೆ ನಡೆಯಲಿಲ್ಲ. ಬೆಳಿಗ್ಗೆ ರೇಡಿಯೋದವನಿಗೆ, "ಏನಪ್ಪಾ, ಏರಿದ್ಯಾ ಇವತ್ತೂ? ಚೆನ್ನಾಗಿ ಏರು," ಎಂದು ಮುದ್ದು ಮಾಡಿದಳು. ರಸ್ತೆಯ ಆ ಬದಿಯಲ್ಲಿ ಎಮೀಲ್ ಕಂಡರೆ ಕೈ ಬೀಸಿ, "ಅಂತರರಾಷ್ಟ್ರೀಯಾ, ಊಟ ಆಯ್ತಾ? ಆಲೂಗಡ್ಡೆ ಎಷ್ಟು ಬಂತು?" ಎಂದು ಕೂಗುತ್ತಿದ್ದಳು.

ಆಮೇಲೆ ಆಗಸ್ಟ್ ಬಂತು. ಎಲ್ಲರೂ ರಜೆಗೆ ಸಮುದ್ರದ ಕಡೆ ಹೋದರು. ಅವರು ಮರಳಲ್ಲಿ ಮಲಗಿದ್ದಾಗ ಡಾಲರು ಎದ್ದು ಕೂತಿತು. ಸೆಪ್ಟೆಂಬರಿನಲ್ಲಿ ಎದ್ದು ನಿಂತಿತು. ಅಕ್ಟೋಬರಿನಲ್ಲಿ, ಅಮೆರಿಕದ ಬ್ಯಾಂಕುಗಳೇ ಉರುಳುತ್ತಿದ್ದ ಹೊತ್ತಿನಲ್ಲಿ, ಡಾಲರು ಮಾತ್ರ ಓಡತೊಡಗಿತು. ಇದೆಂಥ ನ್ಯಾಯ ಎಂದು ಸೊಲಾಂಜ್ ಯಾರನ್ನು ಕೇಳಬೇಕು? ಮನೆಗೆ ಬೆಂಕಿ ಬಿದ್ದಿದೆ, ಆ ಮನೆಯ ಹೆಂಚಿಗೆ ಮಾತ್ರ ಬೆಲೆ ಏರುತ್ತಿದೆ!

ಡಾಲರಿನಲ್ಲಿ ದುಡ್ಡು ಪಡೆಯುತ್ತಿದ್ದ ಎಮೀಲನ ಕೀಲುಗಳು ಬೆಳಗಾಗುವಷ್ಟರಲ್ಲಿ ಚಿನ್ನವಾದವು. ಅವನು ಒಂದು ಕೆಂಪು ಕಾರು ಕೊಂಡ. ಹೊಸ ಮಿಲ್ಲಿಂಗ್ ಮಷಿನ್ನಿಗೂ ಸಾಲ ಮಾಡಿ ಆರ್ಡರ್ ಕೊಟ್ಟ. ಜೋಸೆಟ್‌ಳ ಹೋಟೆಲಿಗೆ ಬಂದು, ಬೇಕೆಂದೇ ಸೊಲಾಂಜಳ ಪಕ್ಕದ ಮೇಜಿನಲ್ಲಿ ಕೂತು, "ಜೋಸೆಟ್, ನಂಗೆ ಎರಡು ಕಾಲು ಹಾಕು. ಡಾಲರು ಏರಿದೆ, ತಟ್ಟೆಗೆ ಇನ್ನಷ್ಟು ಬರ್ಬೇಕು ತಾನೇ? ಏನು ಸೊಲಾಂಜ್, ನಿನ್ನ ಯೂರೋಗೆ ಮೈ ಹುಷಾರಿಲ್ವಂತೆ?" ಎನ್ನುತ್ತಿದ್ದ.

ಊರಿಗೆಲ್ಲ ನಾಟಕ ತೋರಿಸಿ ಗೆದ್ದವಳಿಗೆ ಈಗ ಊರೆಲ್ಲ ಕೂತು ನೋಡುತ್ತಿರುವುದೇ ಕಷ್ಟವಾಯಿತು. ವರ್ಕ್‌ಶಾಪಿಗೆ ನಷ್ಟವೇನೂ ಆಗಿರಲಿಲ್ಲ. ಸಂಬಳ ನಡೆಯುತ್ತಿತ್ತು, ಕೀಲುಗಳು ಹೋಗುತ್ತಿದ್ದವು. ಆದರೆ ಸಿಗಬಹುದಾಗಿದ್ದ ದುಡ್ಡು ಎದುರುಗಡೆ ಕೆಂಪು ಬಣ್ಣ ಬಳಿದುಕೊಂಡು ನಿಂತಿದ್ದರೆ ಯಾರ ಹೊಟ್ಟೆ ತಣ್ಣಗಿರುತ್ತದೆ? ವಿಷಯ ಫರ್ನಾಂಗೂ ತಿಳಿಯಿತು. ಅವನು ನಕ್ಕ. ಮೂವತ್ತು ವರ್ಷದ ಸಂಸಾರದಲ್ಲಿ ಅವನು ಅಷ್ಟು ಜೋರಾಗಿ ನಕ್ಕದ್ದನ್ನು ಅವಳು ಕಂಡಿರಲಿಲ್ಲ.

"ಅಂದ್ರೆ ಚಿಪ್ಪಿಗೆ ಈಗ ಒಂದೂವರೆ ಬ್ರೆಡ್ಡಾ?"

"ಬಾಯಿ ಮುಚ್ಚು."

ನವೆಂಬರಿನಲ್ಲಿ ಲಾರ್ಶೆ ಫೋನ್ ಮಾಡಿದ. ಅವನ ದನಿಯಲ್ಲಿ ತುಂಟತನ ಇತ್ತೋ ಇಲ್ಲವೋ, ಸೊಲಾಂಜಳಿಗೆ ಕೇಳಿಸಿದ್ದು ಮಾತ್ರ ತುಂಟತನವೇ. "ಮದಾಂ, ಈಗಲೂ ಮನಸ್ಸಾದರೆ ಡಾಲರಿಗೆ ಬರಬಹುದು. ನನ್ನ ಬಾಗಿಲು ತೆರೆದಿದೆ."

"ಯೋಚಿಸ್ತೀನಿ," ಎಂದಳು. ಯೋಚಿಸಿದಳು. ಇವತ್ತು ಬೇಡ, ನಾಳೆ ಬೇಕು, ನಾಡಿದ್ದು ಮತ್ತೆ ಬೇಡ. ರೇಡಿಯೋ ಕೇಳಿದಾಗಲೆಲ್ಲ ಮನಸ್ಸು ತಿರುಗುತ್ತಿತ್ತು. ಕೊನೆಗೆ ಡಿಸೆಂಬರಿನ ಒಂದು ದಿನ ಗಟ್ಟಿ ಮನಸ್ಸು ಮಾಡಿ, ಮರುವಾರಕ್ಕೆ ಬರುತ್ತೇನೆಂದು ಲಾರ್ಶೆಗೆ ಹೇಳಿ, ಆ ಮನಸ್ಸು ಮತ್ತೆ ಮಗುಚದಿರಲೆಂದು ರೇಡಿಯೋದ ವಯರನ್ನೇ ಕಿತ್ತಿಟ್ಟಳು. ಪೇಪರು ಬಂದರೆ ಬಿಡಿಸದೆ ಆಲೂಗಡ್ಡೆ ಸಿಪ್ಪೆ ಸುತ್ತಿದಳು.

ಆ ದಿನ ಒಳ್ಳೆಯ ಕೋಟು ಹಾಕಿಕೊಂಡು, ಹಲ್ಲಿನ ಡಾಕ್ಟರ ಹತ್ತಿರ ಹೋಗಿ ಬರುತ್ತೇನೆಂದು ಫರ್ನಾಂಗೆ ಹೇಳಿ ಹೊರಟಳು. ದೊಡ್ಡಮನೆಯ ಕಛೇರಿಯಲ್ಲಿ, ಗಾಜಿನ ಗೋಡೆಯ ಪಕ್ಕ, ಬಂದವರು ಕಾಯಲು ಒಂದು ಸಾಲು ಕುರ್ಚಿ. ಮೂಲೆಯ ಕುರ್ಚಿಯಲ್ಲಿ ಯಾರೋ ಪೇಪರಿನ ಹಿಂದೆ ಮುಖ ಮುಚ್ಚಿಕೊಂಡು ಕೂತಿದ್ದರು. ಪೇಪರಿನ ಕೆಳಗೆ ಕಂಡ ಬೂಟು ಪರಿಚಯದ್ದು.

"ಎಮೀಲ್?"

ಪೇಪರು ಕೆಳಗಿಳಿಯಿತು. ಎಮೀಲನ ಮುಖ ಹಿಟ್ಟಿನ ಹಾಗೆ ಬಿಳಿಚಿತ್ತು.

"ನೀ… ನೀನ್ಯಾಕೆ ಇಲ್ಲಿ?"

"ನಾನಾ? ಹಲ್ಲು ತೋರ್ಸೋಕೆ," ಎಂದಳು ಸೊಲಾಂಜ್, ಮೊದಲು ಬಾಯಿಗೆ ಬಂದದ್ದನ್ನು.

"ಇಲ್ಲಿ?"

"ನೀನ್ಯಾಕೆ ಬಂದೆ?"

"ಈ ಕಡೆ ಹೋಗ್ತಿದ್ದೆ. ಹೊರಗೆ ಚಳಿ. ಒಳಗೆ ಬೆಚ್ಚಗಿರತ್ತೆ ಅಂತ…"

ಇಬ್ಬರೂ ಎರಡು ಕುರ್ಚಿ ಬಿಟ್ಟು ಕೂತು ಗಾಜಿನಾಚೆ ನೋಡತೊಡಗಿದರು. ಹೊರಗೆ ಬಾಲಕ್ಕೆ ಇನ್ನೂ ಬಣ್ಣ ಹಚ್ಚದ ವಿಮಾನವೊಂದನ್ನು ಎಳೆದುಕೊಂಡು ಹೋಗುತ್ತಿದ್ದರು. ಆಗ ಮೇಜಿನ ಹಿಂದಿನ ಹೆಂಗಸು ಫೋನ್ ಕೆಳಗಿಟ್ಟು, ರೈಲು ನಿಲ್ದಾಣದವರ ದನಿಯಲ್ಲಿ ಕೂಗಿದಳು:

"ಮಸ್ಯೂ ಲಾರ್ಶೆ ಕೇಳ್ತಿದ್ದಾರೆ. ಯೂರೋದಿಂದ ಡಾಲರಿಗೆ ಹೋಗೋರು ಯಾರು, ಡಾಲರಿಂದ ಯೂರೋಗೆ ಬರೋರು ಯಾರು?"

ಸೊಲಾಂಜ್ ಮೆಲ್ಲಗೆ ತಲೆ ತಿರುಗಿಸಿದಳು. ಎಮೀಲೂ ತಿರುಗಿಸಿದ.

"ನೀನು ಯೂರೋಗೆ ಬರೋಕೆ ಬಂದ್ಯಾ? ಕೆಂಪು ಕಾರು ತಗೊಂಡೋನು?"

"ನೀನು ಡಾಲರಿಗೆ ಬಂದ್ಯಾ? ಇವತ್ತಾ? ಸೊಲಾಂಜ್, ನಿಂಗೆ ತಲೆ ಕೆಟ್ಟಿದ್ಯಾ? ಈ ವಾರ ಪೇಪರ್ ನೋಡಿಲ್ವಾ?" ಅವನು ಪೇಪರನ್ನು ಅವಳ ತೊಡೆಯ ಮೇಲೆ ಎಸೆದ. ವಾರದಿಂದ ಯೂರೋ ಬಾಲಕ್ಕೆ ಪಟಾಕಿ ಕಟ್ಟಿದ ನಾಯಿಯ ಹಾಗೆ ಮೇಲಕ್ಕೆ ಓಡಿತ್ತು. ಡಾಲರು ಬಿದ್ದು ಹೋಗಿತ್ತು. "ಹೊಸ ಮಷಿನ್ನಿನ ಸಾಲ ಯೂರೋದಲ್ಲಿದೆ. ನಂಗೆ ರಾತ್ರಿ ನಿದ್ದೆ ಇಲ್ಲ."

ಸೊಲಾಂಜ್ ಪೇಪರು ಓದಿದಳು. ಇನ್ನೈದು ನಿಮಿಷ ಕಳೆದಿದ್ದರೆ ಸಹಿ ಹಾಕಿರುತ್ತಿದ್ದಳು. ಆಮೇಲೆ ಎಲ್ಲಿಂದಲೋ ನಗು ಬಂತು. ಕರವಸ್ತ್ರ ಬಾಯಿಗೆ ತುರುಕಿಕೊಂಡರೂ ನಿಲ್ಲಲಿಲ್ಲ. ಎಮೀಲ್ ಸ್ವಲ್ಪ ಹೊತ್ತು ಕೋಪದಿಂದ ನೋಡಿ, ಅವನೂ ಶುರು ಮಾಡಿದ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ಎದ್ದು, ಒಬ್ಬರನ್ನೊಬ್ಬರು ತಳ್ಳಿಕೊಂಡು ಹೊರಗೆ ಓಡಿದರು. ಲಾರ್ಶೆ ಎರಡು ಫೈಲು ಹಿಡಿದು ಬಂದಾಗ ಕುರ್ಚಿಗಳು ಖಾಲಿ.

ಕೆಂಪು ಕಾರಿನಲ್ಲಿ ಇಬ್ಬರೂ ನೇರ ಜೋಸೆಟ್‌ಳ ಹೋಟೆಲಿಗೆ ಬಂದರು. ಸೊಲಾಂಜ್ ಕಾಫಿಗೆ ಸಕ್ಕರೆ ಹಾಕಿ, ಕಲಕಿ, ಮತ್ತೆ ಸಕ್ಕರೆ ಹಾಕಿದಳು.

"ಎಮೀಲ್, ಡಾಲರು ಬಿದ್ದಾಗ ನೀನು ಸಾಯ್ತೀಯ, ನಾನು ಬದುಕ್ತೀನಿ. ಎದ್ದಾಗ ನೀನು ಮೆರೀತೀಯ, ನಾನು ಹೊಟ್ಟೆ ಉರ್ಕೋತೀನಿ. ಇಬ್ಬರೂ ಪಕ್ಷ ಬದಲಾಯಿಸ್ತಾ ಕೂತ್ರೆ ಇಬ್ಬರೂ ಮುಳುಗ್ತೀವಿ. ನೀನು ಡಾಲರಲ್ಲೇ ಇರು, ನಾನು ಯೂರೋದಲ್ಲೇ ಇರ್ತೀನಿ."

"ಇದ್ದು?"

"ಡಾಲರು ಬಿದ್ದು ನಿಂಗೆ ಚಳಿ ಹಿಡಿದಾಗ ನನ್ನ ಆರ್ಡರಿನ ಒಂದು ಪಾಲು ನಿನ್ನ ಮಷಿನ್ನಿಗೆ ಕಳಿಸ್ತೀನಿ, ಯೂರೋ ಕೊಡ್ತೀನಿ. ಡಾಲರು ಎದ್ದಾಗ ನೀನು ನಂಗೆ ಕಳ್ಸು, ಒಳ್ಳೇ ರೇಟಿಗೆ. ಮಷಿನ್ನು ಎರಡು ಕಡೆನೂ ತಿರುಗ್ತಾ ಇರತ್ತೆ."

ಎಮೀಲ್ ಅನುಮಾನದಿಂದ ನೋಡಿದ. "ಯಾರಿಗೆ ಚಳಿ ಅಂತ ಹೇಳೋರ್ಯಾರು? ನಿಂಗಂತೂ ಬೇಸಿಗೇಲೂ ನಡುಕ ಬರತ್ತೆ."

"ಜೋಸೆಟ್ ಹೇಳ್ತಾಳೆ."

"ನನ್ನ ಇಪ್ಪತ್ತು ಡಾಲರ್ ನೋಟು ಮೊದಲು ಯಾರಾದ್ರೂ ಬದಲಾಯಿಸಿ ಕೊಡಿ, ಆಮೇಲೆ ಹೇಳ್ತೀನಿ," ಎಂದಳು ಜೋಸೆಟ್ ಅಡುಗೆಮನೆಯಿಂದ.

ಕೈ ಕುಲುಕಿದರು. ಇಬ್ಬರೂ ಒಬ್ಬರನ್ನೊಬ್ಬರು ಎಳ್ಳಷ್ಟೂ ನಂಬಲಿಲ್ಲ, ಆದರೂ ಅದು ನಡೆಯಿತು. ತೊಂದರೆ ಕೊಟ್ಟವನು ಫರ್ನಾಂ. ಎಮೀಲನ ಕಡೆಯಿಂದ ಬಂದ ಮೊದಲ ಪೆಟ್ಟಿಗೆ ಕೀಲುಗಳನ್ನು ಒಂದೊಂದಾಗಿ ತೆರೆದು ಮುಚ್ಚಿ, ಕಿವಿಯ ಬಳಿ ಹಿಡಿದು ಕೇಳಿ, ಕಾಲು ಭಾಗವನ್ನು ವಾಪಸು ಕಳಿಸಿದ. ಎಮೀಲ್ ರಸ್ತೆಗೆ ಬಂದು ಕೂಗಾಡಿದ. ಫರ್ನಾಂ ಕೂಗಾಡುವವನಲ್ಲ, ಎರಡನೆಯ ಪೆಟ್ಟಿಗೆಯಲ್ಲೂ ಅಷ್ಟನ್ನೇ ವಾಪಸು ಕಳಿಸಿದ. ಮೂರನೆಯದರಲ್ಲಿ ಒಂದೂ ವಾಪಸು ಹೋಗಲಿಲ್ಲ. ಅವತ್ತು ಎಮೀಲ್ ಒಂದು ಸೀಸೆ ವೈನು ಹಿಡಿದು ರಸ್ತೆ ದಾಟಿ ಬಂದ.

ಮುಂದಿನ ವರ್ಷ ಕಷ್ಟದ್ದು. ವಿಮಾನ ಕೊಳ್ಳುವವರು ಕಡಿಮೆಯಾದರು, ಡಾಲರು ಉಯ್ಯಾಲೆಯ ಹಾಗೆ ಹೋಗಿ ಬಂದು ಮಾಡಿತು. ಆ ಬೀದಿಯಲ್ಲಿ ಎರಡು ವರ್ಕ್‌ಶಾಪು ಬಾಗಿಲು ಹಾಕಿದವು. ಅವುಗಳ ಮಷಿನ್ನುಗಳನ್ನು ಲಾರಿಗೆ ಏರಿಸುವ ದಿನ ಸೊಲಾಂಜ್ ಯಾರನ್ನೂ ಬೈಯಲಿಲ್ಲ, ಒಳಗೆ ಹೋಗಿ ಕೂತಳು. ಇವರಿಬ್ಬರ ಬಾಗಿಲು ಮಾತ್ರ ತೆರೆದೇ ಇದ್ದವು. ಇಬ್ಬರಲ್ಲಿ ಒಬ್ಬರಾದರೂ ಯಾವಾಗಲೂ ನಡುಗುತ್ತಿದ್ದರು, ಇಬ್ಬರೂ ಒಟ್ಟಿಗೆ ನಡುಗಿದ್ದು ಕಡಿಮೆ.

ಮೂರು ವರ್ಷದ ಮೇಲೆ ಎರಡು ವರ್ಕ್‌ಶಾಪುಗಳನ್ನು ಒಂದೇ ಕಂಪನಿ ಮಾಡಿದರು. ವಕೀಲರು, ಬ್ಯಾಂಕಿನವರು, ಕೆಲಸಗಾರರ ಸಂಘದವರು, ಎಲ್ಲರ ಜೊತೆಗಿನ ಮಾತುಕತೆ ಸಲೀಸಾಗಿ ಮುಗಿಯಿತು. ಹೆಸರಿನ ಹತ್ತಿರ ಬಂದು ಎಲ್ಲ ನಿಂತಿತು. ಮೊದಲು ಎಸ್ಕುದ್ಯೆಯೋ, ಬರ್ತೆಸೋ? ಆರು ವಾರ ಇಬ್ಬರೂ ಮಾತು ಬಿಟ್ಟರು. ಕೊನೆಗೆ ಬಣ್ಣ ಬಳಿಯುವವನೇ ಬೇಸತ್ತು, ಸರಕು ಸಾಗಿಸುವ ವ್ಯಾನಿನ ಎಡಗಡೆ "ಎಸ್ಕುದ್ಯೆ–ಬರ್ತೆಸ್" ಎಂದೂ ಬಲಗಡೆ "ಬರ್ತೆಸ್–ಎಸ್ಕುದ್ಯೆ" ಎಂದೂ ಬರೆದು ಬಿಲ್ಲು ಕೊಟ್ಟು ಹೋದ.

ಸೊಲಾಂಜ್ ಈಗ ಕೆಲಸ ಬಿಟ್ಟಿದ್ದಾಳೆ. ಆದರೂ ಬೆಳಿಗ್ಗೆ ಬ್ರೆಡ್ ತರಲು ಹೋಗುವಾಗ ವರ್ಕ್‌ಶಾಪಿನ ಮುಂದೆ ಒಮ್ಮೆ ನಿಲ್ಲುತ್ತಾಳೆ. ವ್ಯಾನಿನ ಬಲಗಡೆ ರಸ್ತೆಗೆ ಮುಖ ಮಾಡಿದ್ದರೆ, ಒಳಗೆ ಹೋಗಿ ಕೀಲಿಕೈ ತಂದು, ಹಿಂದೆ ಮುಂದೆ ಮಾಡಿ, ಗಾಡಿಯನ್ನು ತಿರುಗಿಸಿ ನಿಲ್ಲಿಸಿ, ಬ್ರೆಡ್ಡಿನ ಅಂಗಡಿಗೆ ಹೋಗುತ್ತಾಳೆ. ಎದುರು ಕಿಟಕಿಯಲ್ಲಿ ಎಮೀಲ್ ಕಾಫಿ ಕುಡಿಯುತ್ತ, ವ್ಯಾನಿನ ಇನ್ನೊಂದು ಕೀಲಿಕೈ ಹಿಡಿದು, ಅವಳು ರಸ್ತೆಯ ತಿರುವು ದಾಟುವುದನ್ನೇ ಕಾಯುತ್ತಿರುತ್ತಾನೆ.